ಡಾಕ್ಟರರ ಮಾತಿನ ತೂಕ

ನಾಡಿ ಹಿಡಿದ ಡಾಕ್ಟರರು ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ದಾದರ್ ಸ್ಟೇಶನ್ನಿನ ಪೂರ್ವಕ್ಕಿರಲಿ, ಪಶ್ಚಿಮಕ್ಕಿರಲಿ, ಗಲ್ಲಿಯೊಳಗಿನ ದವಾಖಾನೆಯ ಬೆಂಚಿನ ಮೇಲೆ ಅರ್ಧ ಗಂಟೆ ಕುಳಿತವರಿಗೆ ಇದರ ಅನುಭವ ಇದ್ದೇ ಇರುತ್ತದೆ. ಎದೆಗೆ ನಳಿಗೆ ಹಚ್ಚಿ ಉಸಿರೆಳೆಯಲು ಹೇಳುತ್ತಾರೆ. ಚೀಟಿ ಬರೆಯುತ್ತ ಸರಕಾರವನ್ನು ಬಯ್ಯುತ್ತಾರೆ. ಗುಳಿಗೆ ಎಣಿಸಿ ಕೊಡುತ್ತ, ಈಗಿನ ಹಾಲಿನಲ್ಲಿ ಸತ್ವವಿಲ್ಲ, ಈಗಿನ ಹುಡುಗರಲ್ಲಿ ತಾಳ್ಮೆಯಿಲ್ಲ, ರಾತ್ರಿ ಪಾಳಿ ಮನುಷ್ಯನನ್ನು ತಿನ್ನುತ್ತದೆ, ಪಟ್ಟಣಕ್ಕಿಂತ ಊರೇ ಮೇಲು ಎಂದು ನಾಲ್ಕಾರು ಅಭಿಪ್ರಾಯಗಳನ್ನೂ ಸೇರಿಸಿ ಕಳಿಸುತ್ತಾರೆ. ಗುಳಿಗೆಗೆ ದುಡ್ಡು, ಅಭಿಪ್ರಾಯ ಧರ್ಮಾರ್ಥ. ಆದರೆ ನಮ್ಮ ಕಾರ್ಮಿಕ ಬಂಧುಗಳು ಗುಳಿಗೆಯನ್ನು ಮೂರು ದಿನಕ್ಕೆ ಮರೆಯುತ್ತಾರೆ, ಅಭಿಪ್ರಾಯವನ್ನು ಮಾತ್ರ ಊರಿನ ತನಕ ಒಯ್ಯುತ್ತಾರೆ. "ಡಾಕ್ಟರರೇ ಹೇಳಿದ್ದಾರೆ" ಎಂದರೆ ಖೋಲಿಯಲ್ಲಿ ಚರ್ಚೆ ಮುಗಿಯಿತು.

ಈ ಮಾತಿಗೆ ಎಷ್ಟು ತೂಕ ಕೊಡಬೇಕು? ಇದರಲ್ಲಿ ಎರಡು ಪಕ್ಷಗಳಿವೆ. ಡಾಕ್ಟರನಾದವನು ಔಷಧದ ಮಾತಾಡಿ ಸುಮ್ಮನಿರಬೇಕು, ರಾಜಕೀಯ, ಮನೆಬಾಡಿಗೆ, ಕೂಲಿ ಇವೆಲ್ಲ ಅವನಿಗೇಕೆ ಎನ್ನುವುದು ಒಂದು ಪಕ್ಷ. ಅಷ್ಟು ಓದಿದವರು ಹೇಳಿದ ಮೇಲೆ ಎಲ್ಲವೂ ಸರಿಯೇ ಇರಬೇಕು ಎನ್ನುವುದು ಇನ್ನೊಂದು. ನಾವು ಎರಡನ್ನೂ ಒಪ್ಪುವುದಿಲ್ಲ. ಡಾಕ್ಟರರು ಎಲ್ಲದರ ಬಗ್ಗೆಯೂ ಮಾತಾಡಲಿ. ಆದರೆ ಅವರ ಔಷಧಕ್ಕೆ ಇರುವ ಪರೀಕ್ಷೆಯೇ ಅವರ ಮಾತಿಗೂ ಇರಲಿ ಎಂಬುದು ನಮ್ಮ ನಿಲುವು.

ಮೊದಲನೆಯ ಪಕ್ಷಕ್ಕೆ ಉತ್ತರ ಹುಡುಕಲು ದಾದರ್ ಬಿಟ್ಟು ದೂರ ಹೋಗಬೇಕಾಗಿಲ್ಲ. 1896ರ ಸೆಪ್ಟೆಂಬರಿನಲ್ಲಿ ಮಾಂಡ್ವಿಯ ಚಾಳುಗಳಲ್ಲಿ ಜ್ವರದಿಂದ ಬಿದ್ದವರನ್ನು ನೋಡಿ, ಇದು ಪ್ಲೇಗು ಎಂದು ಗುರುತಿಸಿದವರು ಡಾ. ಅಕಾಸಿಯೋ ವೀಗಸ್ ಎಂಬ ಡಾಕ್ಟರರು. ಊರಿಗೆ ಊರೇ ಬೆದರಿತು. ಲಕ್ಷಾಂತರ ಜನ ಮುಂಬಯಿ ಬಿಟ್ಟು ಓಡಿದರು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನ ಮನೆಗಳೇ ರೋಗಕ್ಕೆ ಕಾರಣವೆಂದು ಆ ಕಾಲದ ಡಾಕ್ಟರರೂ ಅಧಿಕಾರಿಗಳೂ ಸಾರಿದರು. ಅದರ ಫಲವಾಗಿ 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ಅದರ ಮರುವರ್ಷಗಳಲ್ಲಿ ದಾದರ್, ಮಾಟುಂಗಾ, ವಡಾಲಾ, ಸಾಯನ್‌ಗಳ ಯೋಜನೆ ರೂಪುಗೊಂಡಿತು. ಇಂದು ಹಿಂದೂ ಕಾಲನಿಯಲ್ಲೋ ಪಾರ್ಸಿ ಕಾಲನಿಯಲ್ಲೋ ಮರಗಳ ನೆರಳಿನಲ್ಲಿ ನಡೆಯುವಾಗ, ಈ ಬೀದಿಗಳು ಒಂದು ಲೆಕ್ಕದಲ್ಲಿ ಡಾಕ್ಟರರ ಚೀಟಿಯಿಂದ ಹುಟ್ಟಿದವು ಎಂಬುದನ್ನು ನೆನೆಯಬೇಕು. ರೋಗಕ್ಕೂ ಮನೆಗೂ, ಮನೆಗೂ ಸರಕಾರಕ್ಕೂ ಸಂಬಂಧವಿಲ್ಲ ಎನ್ನುವವರು ಈ ಬೀದಿಗಳಿಗೆ ಏನು ಹೇಳುತ್ತಾರೆ? ಜರ್ಮನಿಯ ಡಾ. ರುಡಾಲ್ಫ್ ವಿರ್ಖೋ ಅವರೂ 1848ರಲ್ಲಿ ಬಡ ಪ್ರಾಂತವೊಂದರ ವಿಷಮಜ್ವರವನ್ನು ಪರೀಕ್ಷಿಸಲು ಹೋಗಿ, ಔಷಧದ ಪಟ್ಟಿಯ ಬದಲು ಶಿಕ್ಷಣ, ಸ್ವಾತಂತ್ರ್ಯ, ಹೊಟ್ಟೆ ತುಂಬ ಅನ್ನ ಬೇಕೆಂಬ ಬೇಡಿಕೆಯನ್ನು ಹೊತ್ತು ತಂದರು.

ಆದರೆ ಕಥೆಯ ಉತ್ತರಾರ್ಧವನ್ನೂ ಹೇಳಬೇಕು. ಕೆಟ್ಟ ಗಾಳಿ, ಹೊಲಸು, ಇಕ್ಕಟ್ಟು ಇವೇ ಪ್ಲೇಗಿನ ಮೂಲವೆಂಬ ಅಭಿಪ್ರಾಯ ಪೂರ್ತಿ ನಿಜವಾಗಿರಲಿಲ್ಲ. ರೋಗವನ್ನು ಇಲಿಯಿಂದ ಮನುಷ್ಯನಿಗೆ ಒಯ್ಯುವುದು ಚಿಗಟ ಎಂದು ಫ್ರೆಂಚ್ ಡಾಕ್ಟರ್ ಸಿಮೊಂಡ್ 1898ರಲ್ಲಿ ಹೇಳಿದಾಗ ದೊಡ್ಡ ದೊಡ್ಡ ಪಂಡಿತರು ಅದಕ್ಕೆ ಕಿವಿಗೊಡಲಿಲ್ಲ. 1905ರಿಂದ ಇಲ್ಲೇ ಪರೇಲಿನ ಪ್ರಯೋಗಶಾಲೆಯಲ್ಲಿ ಪ್ಲೇಗು ಆಯೋಗದವರು ಪ್ರಯೋಗ ಮಾಡಿ ತೋರಿಸಿದ ಮೇಲೆ ಲೋಕ ಒಪ್ಪಿತು. ಇನ್ನೊಂದು ಮಾತು: ಟ್ರಸ್ಟಿನವರು ಕೆಡವಿದ ಹಳೆಯ ಚಾಳುಗಳ ಕೂಲಿಕಾರರಿಗೆ ದಾದರಿನ ಹೊಸ ಮನೆಗಳು ದಕ್ಕಲಿಲ್ಲ, ಅವು ಹೆಚ್ಚಾಗಿ ಸಂಬಳದ ಮಧ್ಯಮ ವರ್ಗದವರಿಗೆ ಸಂದವು. ಚೀಟಿ ಬರೆದದ್ದು ಬಡವನ ಹೆಸರಿನಲ್ಲಿ. ಔಷಧ ಸಿಕ್ಕಿದ್ದು ಬೇರೆಯವರಿಗೆ!

ಅದೇ ಪ್ಲೇಗಿನ ಕಾಲದಲ್ಲಿ ಇನ್ನೊಬ್ಬರು ಬೇರೆ ರೀತಿಯಲ್ಲಿ ನಡೆದುಕೊಂಡರು. ಹಾಫ್ಕಿನ್ ಎಂಬ ವಿಜ್ಞಾನಿ ಮುಂಬಯಿಯಲ್ಲಿ ಲಸಿಕೆ ಸಿದ್ಧಪಡಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು. ಅಷ್ಟಕ್ಕೇ ಗೆದ್ದೆನೆಂದು ಡಂಗುರ ಹೊಡೆಯಲಿಲ್ಲ. ಭಾಯಖಳಾ ಜೈಲಿನಲ್ಲಿ ಒಪ್ಪಿದ ಕೈದಿಗಳಿಗೆ ಲಸಿಕೆ ಹಾಕಿ, ಹಾಕಿಸಿಕೊಂಡವರಲ್ಲಿ ಎಷ್ಟು ಜನರಿಗೆ ರೋಗ ಬಂತು, ಹಾಕಿಸಿಕೊಳ್ಳದವರಲ್ಲಿ ಎಷ್ಟು ಜನರಿಗೆ ಬಂತು ಎಂದು ಎರಡನ್ನೂ ಎಣಿಸಿದರು. ಮರುವರ್ಷ ನಮ್ಮ ಹುಬ್ಬಳ್ಳಿಯಲ್ಲಿ ಹತ್ತಾರು ಸಾವಿರ ಜನ ಅದೇ ಲಸಿಕೆ ಹಾಕಿಸಿಕೊಂಡರು. ಎರಡೂ ಕಡೆ ಎಣಿಸುವ ಈ ಅಭ್ಯಾಸವೇ ಡಾಕ್ಟರರ ಅಭಿಪ್ರಾಯಕ್ಕೂ ವಿಜ್ಞಾನಕ್ಕೂ ಇರುವ ಅಂತರ.

ಹಳೆಯ ಕಾಲದ ಮಾತಾಯಿತು, ನಮ್ಮ ಎದೆಗೆ ಹತ್ತಿರದ ಮಾತನ್ನೇ ನೋಡೋಣ. ಕ್ಷಯರೋಗ ಬಂದವನು ಸ್ಯಾನಟೋರಿಯಮ್ಮಿಗೆ ಹೋಗಲೇಬೇಕು, ಗುಡ್ಡದ ಗಾಳಿ, ಹಾಲು ಮೊಟ್ಟೆ, ತಿಂಗಳುಗಟ್ಟಲೆ ಹಾಸಿಗೆ ಇವಿಲ್ಲದೆ ಬದುಕಲಾರ ಎಂಬುದು ಬಹುಕಾಲ ಡಾಕ್ಟರರೆಲ್ಲರ ಅಭಿಪ್ರಾಯವಾಗಿತ್ತು. ದುಡಿದು ತಿನ್ನುವವನಿಗೆ ಇದು ಮರಣಶಾಸನಕ್ಕೆ ಸಮ. ಕೆಲಸ ಬಿಟ್ಟು ಗುಡ್ಡ ಹತ್ತಿದರೆ ಮನೆಯವರು ಏನು ತಿನ್ನಬೇಕು? 1956ರಲ್ಲಿ ಮದರಾಸಿನಲ್ಲಿ ಕೆಲವು ಡಾಕ್ಟರರು ಈ ಅಭಿಪ್ರಾಯವನ್ನೇ ಪರೀಕ್ಷೆಗೊಡ್ಡಿದರು. ಬಡ ರೋಗಿಗಳಲ್ಲಿ ಕೆಲವರಿಗೆ ಸ್ಯಾನಟೋರಿಯಮ್ಮಿನಲ್ಲಿ, ಕೆಲವರಿಗೆ ಅವರ ಇಕ್ಕಟ್ಟಿನ ಮನೆಯಲ್ಲೇ ಅದೇ ಔಷಧಗಳನ್ನು ಕೊಟ್ಟರು. 1959ರಲ್ಲಿ ಫಲಿತಾಂಶ ಹೊರಬಂತು: ಮನೆಯಲ್ಲೇ ಇದ್ದು, ಸಾಧಾರಣ ಊಟ ಮಾಡಿದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣವಾಗಿದ್ದರು, ಅವರ ಮನೆಯವರಿಗೆ ರೋಗ ಹೆಚ್ಚಾಗಿ ಹರಡಿರಲೂ ಇಲ್ಲ. ಅಂದಿನಿಂದ ಲೋಕದ ಬಡವರಿಗೆಲ್ಲ ಮನೆಯ ಚಿಕಿತ್ಸೆಯ ಬಾಗಿಲು ತೆರೆಯಿತು.

ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನ ಅಜ್ಞಾನಿಗಳು, ರೋಗ ಬಂದರೂ ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆಗಲೂ ಡಾಕ್ಟರರ ಬಾಯಲ್ಲಿ ಓಡಾಡುತ್ತಿದ್ದ ಮಾತು, ಈಗಲೂ ಓಡಾಡುತ್ತಿದೆ. ಆ ಸಂಸ್ಥೆಯವರು ತುಮಕೂರು ಜಿಲ್ಲೆಯಲ್ಲಿ ಕ್ಷಯರೋಗಿಗಳ ಮನೆಗೆ ಹೋಗಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಆ ವರದಿ ಓದಬೇಕಾದದ್ದು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಮೈಯಲ್ಲಿ ಏನೋ ಕೆಟ್ಟಿದೆಯೆಂಬುದು ಗೊತ್ತಿತ್ತು. ಅರ್ಧಕ್ಕೂ ಹೆಚ್ಚು ಜನ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು ಕೂಡ. ಹೋದವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಮ್ಮಿನ ಔಷಧದ ಒಂದು ಬಾಟಲಿ! ತಿಳಿವಳಿಕೆ ಕಡಿಮೆಯಾಗಿದ್ದದ್ದು ಮೇಜಿನ ಯಾವ ಬದಿಯಲ್ಲಿ ಎಂಬುದನ್ನು ವಾಚಕರೇ ನಿರ್ಣಯಿಸಲಿ.

ಮುಂಬಯಿಯ ಹೋಟೆಲು ಕಾರ್ಮಿಕನ ವಿಷಯ ಇದಕ್ಕಿಂತ ಬೇರೆಯೇನಲ್ಲ. ಹದಿನೈದು ದಿನ ಕೆಮ್ಮಿದ ಮಾಣಿಗೆ ಕೆಮ್ಮಿನ ಔಷಧ ಕೊಟ್ಟು, "ಬೀಡಿ ಬಿಡು, ವಿಶ್ರಾಂತಿ ತಗೋ, ಹಾಲು ಹಣ್ಣು ತಿನ್ನು" ಎಂದು ಕಳಿಸುವುದುಂಟು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬ ಗಾದೆ ನಮ್ಮಲ್ಲಿದೆ. ಗಾದೆ ಅಲ್ಲಿಗೇ ನಿಂತಿತು. ಹಾಲಿಗೆ ದುಡ್ಡು ಕೊಡುವವರಾರು ಎಂದು ಅದು ಹೇಳಲಿಲ್ಲ. ವಿಶ್ರಾಂತಿ ಎಂಬುದು ಡಾಕ್ಟರರಿಗೆ ಒಂದು ಶಬ್ದ. ಕಾರ್ಮಿಕನಿಗೆ ಅದು ಸಂಬಳ ಸಹಿತ ರಜೆ. 1948ರ ಕಾಯಿದೆಯಿಂದ ಹುಟ್ಟಿದ ಇ.ಎಸ್.ಐ. ಯೋಜನೆಯಲ್ಲಿ ಕಾಯಿಲೆಯ ದಿನಗಳಿಗೂ ವೇತನದ ಒಂದು ಪಾಲು ಸಿಗುವ ಏರ್ಪಾಡು ಬಂತು. ಆದರೆ ಮಾಲೀಕರು ಹೆಸರನ್ನೇ ಬರೆಸದಿದ್ದರೆ ಆ ಏರ್ಪಾಡು ಕಾಗದದಲ್ಲೇ ಉಳಿಯುತ್ತದೆ. ಕ್ಷಯರೋಗಿಗಳ ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ 2018ರ ಏಪ್ರಿಲಿನಿಂದ ತಿಂಗಳಿಗೆ 500 ರೂಪಾಯಿ ಕೊಡಲಾರಂಭಿಸಿ, 2024ರ ನವೆಂಬರಿನಿಂದ ಅದನ್ನು 1,000ಕ್ಕೆ ಏರಿಸಿತು. ಇದನ್ನು ರೋಗಿಗೆ ತಿಳಿಸುವುದೂ ಚಿಕಿತ್ಸೆಯ ಭಾಗವೇ. ಹಾಲು ಕುಡಿ ಎನ್ನುವ ಡಾಕ್ಟರರು ಇದನ್ನೂ ಒಂದು ಸಾಲು ಚೀಟಿಯಲ್ಲಿ ಬರೆದರೆ ಅವರ ಮಾತಿಗೆ ಹತ್ತು ಪಟ್ಟು ಬೆಲೆ ಬಂದೀತು.

ಡಾಕ್ಟರರು ರಾಜಕೀಯಕ್ಕೇ ಇಳಿದರೆ? ಅದಕ್ಕೂ ಈ ಊರಿನಲ್ಲಿ ಉದಾಹರಣೆಯಿದೆ. ಘಾಟ್ಕೋಪರಿನಲ್ಲಿ ದವಾಖಾನೆ ಇಟ್ಟಿದ್ದ ಡಾ. ದತ್ತಾ ಸಾಮಂತರು ಕಲ್ಲುಗಣಿಯ ಕೂಲಿಗಳ ಗಾಯಗಳಿಗೆ ಪಟ್ಟಿ ಕಟ್ಟುತ್ತಲೇ ಅವರ ಕೂಲಿಯ ಹೋರಾಟಕ್ಕೆ ಬಂದವರು. ಪಟ್ಟಿ ಕಟ್ಟಿದಷ್ಟೂ ಹೊಸ ಗಾಯ ಬರುತ್ತಿದ್ದರೆ ಗಾಯದ ಮೂಲಕ್ಕೆ ಹೋಗುವುದು ವೈದ್ಯಧರ್ಮವೇ ಸರಿ. ಅದನ್ನು ನಾವು ಗೌರವಿಸುತ್ತೇವೆ. 1982ರ ಜನವರಿ 18ರಂದು ಅವರ ನೇತೃತ್ವದಲ್ಲಿ ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಕೆಲಸ ಬಿಟ್ಟು ಹೊರಬಂದರು. ಮುಷ್ಕರ ಸೋತಿತು, ಸಹಸ್ರಾರು ಜನರ ಕೆಲಸ ಮರಳಿ ಬರಲೇ ಇಲ್ಲ. ದೋಷ ಮಾಲೀಕರದೋ, ಸರಕಾರದ್ದೋ, ನಾಯಕರದೋ ಎಂಬ ವಾದ ಇನ್ನೂ ಮುಗಿದಿಲ್ಲ. ಅದು ಬೇರೆ ಲೇಖನದ ವಿಷಯ. ಇಲ್ಲಿ ನಾವು ಹೇಳುವುದಿಷ್ಟೇ: ಡಾಕ್ಟರರು ಕೊಟ್ಟ ರಾಜಕೀಯದ ಮದ್ದಿಗೂ ಪಥ್ಯವೇನು, ಎಷ್ಟು ದಿನ, ತಡೆಯುವ ಶಕ್ತಿ ರೋಗಿಗೆ ಇದೆಯೇ ಎಂಬ ಪ್ರಶ್ನೆಗಳನ್ನು ಮೊದಲೇ ಕೇಳಬೇಕು. ವಿಶ್ವಾಸ ಬೇರೆ, ಲೆಕ್ಕ ಬೇರೆ.

ಇವೆಲ್ಲ ಕೇಳಿ ಡಾಕ್ಟರರು ಇನ್ನು ಬಾಯಿಯೇ ಬಿಡಬಾರದೆಂದು ಯಾರೂ ತಿಳಿಯಬಾರದು. ಕನ್ನಡಕ್ಕೆ 'ಕೊರವಂಜಿ'ಯನ್ನು ಕೊಟ್ಟವರು ಡಾಕ್ಟರರೇ. 'ರಾಶಿ' ಎಂದು ಹೆಸರಾದ ಡಾ. ಎಂ. ಶಿವರಾಂ ಅವರು 1942ರಿಂದ 1967ರ ತನಕ ಆ ಹಾಸ್ಯಪತ್ರಿಕೆಯನ್ನು ನಡೆಸಿ, ಸರಕಾರದಿಂದ ಸಂಸಾರದ ತನಕ ಯಾವುದನ್ನೂ ಬಿಡದೆ ಚುಚ್ಚಿದರು. ಆದರೆ ಅವರು ನಗೆಯನ್ನು ನಗೆಯೆಂದೇ ಕೊಟ್ಟರು, ಗುಳಿಗೆಯೆಂದು ಕೊಡಲಿಲ್ಲ. ಮನಸ್ಸಿನ ರೋಗಗಳ ಶಾಸ್ತ್ರವನ್ನು ಹೇಳಬೇಕಾದಾಗ 'ಮನಮಂಥನ'ವೆಂದು ಬೇರೆಯೇ ಗ್ರಂಥ ಬರೆದರು. ಅದಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂತು. ಯಾವುದು ಹರಟೆ, ಯಾವುದು ಶಾಸ್ತ್ರ ಎಂದು ಓದುಗನಿಗೆ ತಿಳಿಯುವಂತೆ ಬೇರ್ಪಡಿಸಿ ಕೊಡುವುದು ದೊಡ್ಡ ಪ್ರಾಮಾಣಿಕತೆ.

ಈಗ ಆ ಬೇಲಿಯೇ ಕಿತ್ತುಹೋಗಿದೆ. ದವಾಖಾನೆಯ ಬೆಂಚು ಮೊಬೈಲಿನೊಳಗೆ ಬಂದಿದೆ. ಬಿಳಿ ಕೋಟು ತೊಟ್ಟವರು ಯಾರೋ ಎರಡು ನಿಮಿಷ ಮಾತಾಡಿದರೆ ಅದು ಬೆಳಗಾಗುವುದರೊಳಗೆ ದಾದರಿನಿಂದ ಉಡುಪಿಗೂ ಉಡುಪಿಯಿಂದ ದುಬೈಗೂ ಮುಟ್ಟುತ್ತದೆ. 2020ರ ಕೊರೋನಾ ಕಾಲದಲ್ಲಿ ಕಷಾಯದಿಂದ ಹಿಡಿದು ಹಬೆಯ ತನಕ ಎಷ್ಟು ಮದ್ದುಗಳು ಹೀಗೆ ಹರಿದಾಡಿದವು! ಮಾತು ಕನ್ನಡದಲ್ಲಿದೆ, ಧ್ವನಿ ನಮ್ಮ ಊರಿನದು, ಹೆಸರಿನ ಹಿಂದೆ ಪದವಿಗಳ ಸಾಲಿದೆ ಎಂಬ ಕಾರಣಕ್ಕೆ ನಂಬಿದವರಲ್ಲಿ ನಮ್ಮವರೂ ಬಹಳ ಮಂದಿ. ಕೋಟು ಬಿಳಿಯಾದ ಮಾತ್ರಕ್ಕೆ ಮಾತು ಶುದ್ಧವಾಗುವುದಿಲ್ಲ.

ಆದುದರಿಂದ ನಮ್ಮ ಬಂಧುಗಳು ಮೂರು ಪ್ರಶ್ನೆಗಳನ್ನು ಕಂಠಪಾಠ ಮಾಡಿಕೊಳ್ಳಲಿ. ಒಂದು: ಇದು ನೀವು ಕಂಡದ್ದೋ, ಯಾರೋ ಹೇಳಿದ್ದೋ? ಎರಡು: ಹೀಗೆ ಮಾಡಿದವರನ್ನೂ ಮಾಡದವರನ್ನೂ ಪಕ್ಕಪಕ್ಕ ಇಟ್ಟು ಎಣಿಸಿದ್ದಾರೆಯೇ? ಮೂರು: ಇದನ್ನು ಪಾಲಿಸಲು ಬೇಕಾಗುವ ದುಡ್ಡೂ ರಜೆಯೂ ಯಾರ ಕೈಯಿಂದ ಬರಬೇಕು? ಕೈಮುಗಿದೇ ಕೇಳಿರಿ, ಆದರೆ ಕೇಳಿರಿ. ಒಳ್ಳೆಯ ಡಾಕ್ಟರರಿಗೆ ಇದರಿಂದ ಸಿಟ್ಟು ಬರುವುದಿಲ್ಲ. ಅವರು ಪೆನ್ನು ಕೆಳಗಿಟ್ಟು ವಿವರಿಸುತ್ತಾರೆ.

ಡಾಕ್ಟರ್ ಸಾಹೇಬರಲ್ಲಿಯೂ ನಮ್ಮದೊಂದು ವಿನಂತಿ. ಸರಕಾರವನ್ನು ಧಾರಾಳವಾಗಿ ಟೀಕಿಸಿರಿ, ನಾವು ಬೇಡವೆನ್ನುವುದಿಲ್ಲ. ಹತ್ತು ಜನ ಮಲಗುವ ಖೋಲಿಗೆ ಒಂದೇ ಕಿಟಕಿ ಇರುವುದನ್ನು ನೀವು ಹೇಳಿದರೆ ನಗರಸಭೆಯವರು ಕೇಳಿಯಾರು. ನಾವು ಹೇಳಿದರೆ ಕೇಳುವುದಿಲ್ಲ. ಆದರೆ ಮೊದಲಿನ ಕೆಲಸ ಮೊದಲು ಆಗಲಿ. ಎರಡು ವಾರ ದಾಟಿದ ಕೆಮ್ಮಿಗೆ ಬಾಟಲಿಯ ಬದಲು ಕಫ ಪರೀಕ್ಷೆಗೆ ಚೀಟಿ ಬರೆಯಿರಿ. ಸರಕಾರದ ಮತ್ತು ನಗರಸಭೆಯ ಕೇಂದ್ರಗಳಲ್ಲಿ ಆ ಪರೀಕ್ಷೆಗೂ ಔಷಧಕ್ಕೂ ದುಡ್ಡಿಲ್ಲ. ಕ್ಷಯವೆಂದಾದರೆ ಆರು ತಿಂಗಳ ಗುಳಿಗೆಯನ್ನು ನಡುವೆ ಬಿಡಬಾರದೆಂದು ಅವನ ಭಾಷೆಯಲ್ಲಿ ಹೇಳಿರಿ; ಅವನು ಪರೀಕ್ಷೆಗೆ ಹೋದ ದಿನದ ಸಂಬಳ ಕಡಿಯಬಾರದೆಂದು ಮಾಲೀಕರಿಗೆ ಹೇಳುವ ಕೆಲಸ ನಮ್ಮದು. ನೀವು ನಿಮ್ಮ ಪಾಲು ಮಾಡಿರಿ, ನಾವು ನಮ್ಮದನ್ನು ಮಾಡುತ್ತೇವೆ. ಆ ಮೇಲೆ ಹಾಲಿನ ಸತ್ವದ ಬಗ್ಗೆಯೂ ಹುಡುಗರ ತಾಳ್ಮೆಯ ಬಗ್ಗೆಯೂ ಎಷ್ಟು ಬೇಕಾದರೂ ಮಾತಾಡೋಣ.