ಟ್ರ್ಯಾಕ್ಟರಿನ ಹಿಂಭಾರಕ್ಕೆ ಆಳಿನ ಮೈತೂಕವೇ ಗತಿಯೆ?

ಜಮಖಂಡಿಯಿಂದ ಮುಧೋಳಕ್ಕೆ ಹೋಗುವ ದಾರಿಯಲ್ಲಿ ಕಳೆದ ಹಂಗಾಮಿನಲ್ಲಿ ಕಂಡ ಒಂದು ನೋಟ ಮನಸ್ಸಿನಿಂದ ಇನ್ನೂ ಮರೆಯಾಗಿಲ್ಲ. ರಸ್ತೆಯಂಚಿನ ಹೊಲದಲ್ಲಿ ಒಂದು ಸಣ್ಣ ಟ್ರ್ಯಾಕ್ಟರು. ಅದರ ಮುಂಭಾಗಕ್ಕೆ ಜೋಡಿಸಿದ ಲೋಡರ್ ತಿಪ್ಪೆಗೊಬ್ಬರವನ್ನು ಬಾಚಿ ಮೇಲೆತ್ತುತ್ತಿತ್ತು. ಎತ್ತಿದಾಗಲೆಲ್ಲ ಹಿಂದಿನ ಗಾಲಿಗಳು ಹಿಡಿತ ತಪ್ಪಿ ಇದ್ದಲ್ಲೇ ತಿರುಗುತ್ತಿದ್ದವು. ಮಾಲೀಕರು ಕಂಡುಕೊಂಡಿದ್ದ ಉಪಾಯ ಸರಳ. ಹಿಂಬದಿಯ ಕೊಂಡಿಗಳ ಮೇಲೆ ಇಬ್ಬರು ಆಳುಗಳನ್ನು ನಿಲ್ಲಿಸಿದ್ದರು. ಅವರಲ್ಲೊಬ್ಬನಿಗೆ ಇನ್ನೂ ಮೀಸೆ ಮೂಡಿರಲಿಲ್ಲ. ಕೇಳಿದ್ದಕ್ಕೆ, ‘ಹಿಂದ ವಜ್ಜಿ ಬೇಕ್ರಿ ಸಾಹೇಬ್ರ, ಇಲ್ಲಾಂದ್ರ ಗಾಡಿ ಮುಗ್ಗರಸ್ತೈತಿ’ ಎಂಬ ಉತ್ತರ ಬಂತು. ಆ ಉತ್ತರದಲ್ಲಿ ಯಂತ್ರಶಾಸ್ತ್ರದ ದೃಷ್ಟಿಯಿಂದ ಲವಲೇಶವೂ ತಪ್ಪಿಲ್ಲ. ತಪ್ಪಿರುವುದು ಆ ಭಾರವನ್ನು ಎಲ್ಲಿಂದ ತಂದರು ಎಂಬುದರಲ್ಲಿ.

ಭಾರದ ಈ ತತ್ತ್ವ ನಮ್ಮ ರೈತನಿಗೆ ಹೊಸದಲ್ಲ. ಎತ್ತಿನ ಗಾಡಿಗೆ ಹೇರುವಾಗ ಮುಂಭಾರವಾದರೆ ಎತ್ತುಗಳ ಹೆಗಲು ಕುಸಿಯುತ್ತದೆ, ಹಿಂಭಾರವಾದರೆ ನೊಗ ಮೇಲೆದ್ದು ಕೊರಳ ಪಟ್ಟಿ ಬಿಗಿಯುತ್ತದೆ ಎಂಬುದನ್ನು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಗಾಡಿಯಲ್ಲಾದರೆ ತಪ್ಪು ಲೆಕ್ಕವನ್ನು ಎತ್ತು ಕೂಡಲೇ ತಿಳಿಸುತ್ತಿತ್ತು. ಯಂತ್ರ ತಿಳಿಸುವುದು ಉರುಳಿದ ಮೇಲೆಯೇ.

ಒಂದು ಸ್ಥೂಲ ಲೆಕ್ಕ ಹಾಕೋಣ. ಸಣ್ಣ ಟ್ರ್ಯಾಕ್ಟರಿನ ತೂಕ 850 ಕಿಲೊ ಎಂದಿಟ್ಟುಕೊಳ್ಳಿ. ಅದರಲ್ಲಿ 500 ಹಿಂದಿನ ಅಚ್ಚಿನ ಮೇಲೆ, 350 ಮುಂದಿನದರ ಮೇಲೆ. ಎರಡು ಅಚ್ಚುಗಳ ನಡುವಿನ ಅಂತರ ಒಂದೂವರೆ ಮೀಟರ್. ಲೋಡರ್ ಹಾಗೂ ಅದು ಎತ್ತಿದ ಸರಕು ಸೇರಿ 300 ಕಿಲೊ, ಮುಂದಿನ ಅಚ್ಚಿಗಿಂತ ಒಂದು ಮೀಟರ್ ಮುಂದೆ ತೂಗುತ್ತಿದೆ. ಮುಂದಿನ ಅಚ್ಚೇ ಇಲ್ಲಿ ತಕ್ಕಡಿಯ ಮುಳ್ಳು. ಹಿಂದಿನ ಗಾಲಿಗಳ ಮೇಲಿನ ಭಾರ 200 ಕಿಲೊ ಇಳಿದು 300ಕ್ಕೆ ಬರುತ್ತದೆ. ಮುಂದಿನದು 850ಕ್ಕೆ ಏರುತ್ತದೆ. ಟ್ರ್ಯಾಕ್ಟರಿನ ಬ್ರೇಕು ಇರುವುದು ಹಿಂದಿನ ಗಾಲಿಗಳಿಗೆ ಎಂಬುದನ್ನು ನೆನೆದರೆ, ಇಳಿಜಾರಿನಲ್ಲಿ ಬ್ರೇಕು ಒತ್ತಿದ ಚಾಲಕನ ಪಾಡೇನು ಎಂಬುದು ಊಹೆಗೆ ಬಿಟ್ಟದ್ದು. ಇನ್ನೊಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಮುಂದಿನ ಅಚ್ಚು ನಡುವಿನ ಒಂದೇ ಕೀಲಿನ ಮೇಲೆ ಎಡಬಲಕ್ಕೆ ವಾಲುವಂತಿರುತ್ತದೆ. ಆದ್ದರಿಂದ ಟ್ರ್ಯಾಕ್ಟರು ಪಕ್ಕಕ್ಕೆ ಮಗುಚದಂತೆ ತಡೆಯುವುದು ಮುಖ್ಯವಾಗಿ ಹಿಂದಿನ ಗಾಲಿಗಳೇ. ಅವು ಹಗುರಾದವೆಂದರೆ ಇಡೀ ಯಂತ್ರ ಆ ಕೀಲಿನ ಮೇಲೆ ತೂಗಾಡತೊಡಗುತ್ತದೆ. ಕಬ್ಬಿನ ಸಾಲಿನೊಳಗೆ ನುಸುಳಲೆಂದು ಅಗಲ ಕಿರಿದು ಮಾಡಿದ ಟ್ರ್ಯಾಕ್ಟರಿಗೆ ಈ ಅಪಾಯ ಇನ್ನೂ ಹೆಚ್ಚು.

ಇದೇ ಟ್ರ್ಯಾಕ್ಟರಿನ ಹಿಂಬದಿಯಲ್ಲಿ, ಅಚ್ಚಿನಿಂದ ಮುಕ್ಕಾಲು ಮೀಟರ್ ಹಿಂದಕ್ಕೆ, 300 ಕಿಲೊ ತೂಕವನ್ನು ಕಟ್ಟಿದರೆ ಹಿಂದಿನ ಗಾಲಿಗಳ ಮೇಲೆ 450 ಕಿಲೊ ಕೂಡುತ್ತದೆ, ಮುಂದಿನ ಅಚ್ಚಿನಿಂದ 150 ಇಳಿಯುತ್ತದೆ. ಅಂದರೆ ಹಿಂದೆ 750, ಮುಂದೆ 700. ಗಾಲಿಗೆ ನೀರು ತುಂಬಿಸುವುದರಿಂದಲೂ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಮುಂದಿನ ಅಚ್ಚಿನ ಹೊರೆಯನ್ನು ಅದು ಇಳಿಸಲಾರದು. ಅಚ್ಚಿನಿಂದ ಹಿಂದಕ್ಕೆ ತೂಗುವ ಭಾರಕ್ಕೆ ಮಾತ್ರ ಆ ಗುಣವುಂಟು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣೆ, ಘಟಪ್ರಭೆಯರ ನೀರು ಎರೆಭೂಮಿಯನ್ನು ಕಬ್ಬಿನ ಕಡಲಾಗಿಸಿದೆ. ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ಹಣ ಹಾಕಿ, ಬೆವರು ಸುರಿಸಿ 1989ರಲ್ಲಿ ಬ್ಯಾರೇಜು ಕಟ್ಟಿಕೊಂಡ ಸೀಮೆಯಿದು. ಕಟಾವಿಗೆ ಮರಾಠವಾಡದ ಬೀಡ್ ಕಡೆಯಿಂದ ಗ್ಯಾಂಗುಗಳು ಬರಬೇಕು. ಕೂಲಿಗೆ ಜನ ಸಿಗುವುದು ವರ್ಷದಿಂದ ವರ್ಷಕ್ಕೆ ದುಸ್ತರ. ಹೀಗಾಗಿ ಬೋದು ಏರಿಸಲು, ರವದಿ ಪುಡಿ ಮಾಡಲು, ಗೊಬ್ಬರ ತುಂಬಲು ಸಣ್ಣ ಟ್ರ್ಯಾಕ್ಟರು ಮನೆಮನೆಗೆ ಬಂದಿರುವುದು ಸಹಜ, ಸ್ವಾಗತಾರ್ಹ. ಯಾಂತ್ರೀಕರಣವನ್ನು ಅನುಮಾನದಿಂದ ನೋಡುವ ಪಂಗಡಕ್ಕೆ ಈ ಲೇಖಕ ಸೇರಿದವನಲ್ಲ.

ಟ್ರ್ಯಾಕ್ಟರಿನ ಚರಿತ್ರೆಯಲ್ಲಿ ಭಾರದ ಪ್ರಶ್ನೆ ಮೊದಲಿನಿಂದಲೂ ಪ್ರಾಣದ ಪ್ರಶ್ನೆ. ಕಳೆದ ಶತಮಾನದ ಆರಂಭದ ಟ್ರ್ಯಾಕ್ಟರುಗಳು ನೇಗಿಲು ಬಂಡೆಗೆ ಸಿಕ್ಕಿದೊಡನೆ ಮುಂಗಾಲೆತ್ತಿ ಹಿಂದಕ್ಕೆ ಮಗುಚಿ ಚಾಲಕನನ್ನು ಕೊಲ್ಲುತ್ತಿದ್ದವು. ಐರ್ಲೆಂಡಿನ ಹ್ಯಾರಿ ಫರ್ಗ್ಯೂಸನ್ ಮೂರು ಬಿಂದುಗಳ ಕೊಂಡಿಯನ್ನು ರೂಪಿಸಿದ್ದರ ಹಿಂದೆ ಈ ಅಪಾಯವನ್ನು ತಪ್ಪಿಸುವ ಉದ್ದೇಶವೂ ಇತ್ತು. ಇಂದು ಹಿಂಭಾರವನ್ನು ತೂಗುಹಾಕಬೇಕಾದದ್ದು ಅದೇ ಕೊಂಡಿಗೆ. ನಾವು ಅಲ್ಲಿ ಆಳನ್ನು ನಿಲ್ಲಿಸಿದ್ದೇವೆ ಎಂಬುದು ವಿಪರ್ಯಾಸ.

ಹಾಗಾದರೆ ತೂಕವನ್ನೇಕೆ ಕಟ್ಟುವುದಿಲ್ಲ? ಬಡತನ ಎಂಬ ಉತ್ತರ ಇಲ್ಲಿ ಸಲ್ಲದು. ಅರ್ಧ ಮೀಟರ್ ಉದ್ದ, ಅಗಲ, ಎತ್ತರದ ಕಾಂಕ್ರೀಟು ಘನದ ತೂಕ ಸುಮಾರು 300 ಕಿಲೊ. ಒಂದು ಚೀಲ ಸಿಮೆಂಟು, ಜಲ್ಲಿ, ಮರಳು, ಒಂದಿಷ್ಟು ಕಬ್ಬಿಣ, ಊರಿನ ವೆಲ್ಡಿಂಗ್ ಅಂಗಡಿಯವನ ಒಂದು ದಿನದ ದುಡಿಮೆ ಸಾಕು. ಅತ್ತ 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರಿನ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ತೆರಿಗೆ ಸೇರದ ಬೆಲೆ 4 ಲಕ್ಷ ರೂಪಾಯಿ ಎಂದುಕೊಂಡರೂ ಉಳಿತಾಯ 28 ಸಾವಿರ. ಸಮಸ್ಯೆ ಇರುವುದು ಖರ್ಚಿನಲ್ಲಲ್ಲ, ಖರ್ಚು ಮಾಡುವವನೂ ಅಪಾಯಕ್ಕೆ ತಲೆಯೊಡ್ಡುವವನೂ ಬೇರೆಬೇರೆಯಾಗಿರುವುದರಲ್ಲಿ. ಉಳಿತಾಯ ಮಾಲೀಕನದು. ಅಪಾಯ ದಿನಗೂಲಿಯ ಚಾಲಕನದು, ಕೊಂಡಿಯ ಮೇಲೆ ನಿಂತ ಹುಡುಗನದು. ಅರ್ಥಶಾಸ್ತ್ರದ ಪಠ್ಯಗಳು ಇದನ್ನು ಬಾಹ್ಯ ವೆಚ್ಚ ಎಂದು ಕರೆಯುತ್ತವೆ. ಟ್ರ್ಯಾಕ್ಟರಿನಲ್ಲಿ ಆಸನವಿರುವುದು ಚಾಲಕನೊಬ್ಬನಿಗೆ. ಉಳಿದವರು ಬಿದ್ದು ಗಾಯಗೊಂಡಾಗ ವಿಮೆಯ ಪರಿಹಾರ ವಿವಾದಕ್ಕೆ ಸಿಲುಕುವುದು ನಮ್ಮ ನ್ಯಾಯಾಲಯಗಳಿಗೆ ಹೊಸ ಸಂಗತಿಯಲ್ಲ.

ಇಂಥಲ್ಲಿ ಮಾರುಕಟ್ಟೆ ತಾನಾಗಿ ಸರಿದಾರಿ ಹಿಡಿಯುವುದಿಲ್ಲ. ಸರ್ಕಾರ ತನ್ನ ಹಣ ವ್ಯಯವಾಗುವ ಕಡೆಯಲ್ಲಾದರೂ ಷರತ್ತು ವಿಧಿಸಬೇಕು. 2014–15ರಿಂದ ಕೃಷಿ ಯಾಂತ್ರೀಕರಣ ಉಪ ಅಭಿಯಾನದಡಿ ಯಂತ್ರಗಳಿಗೆ ಸಹಾಯಧನ ಸಲ್ಲುತ್ತಿದೆ; ಕೃಷಿ ಯಂತ್ರಧಾರೆ ಕೇಂದ್ರಗಳು ಬಾಡಿಗೆಗೆ ಯಂತ್ರ ಕೊಡುತ್ತಿವೆ. ಮಧ್ಯಪ್ರದೇಶದ ಬುದ್ನಿಯ ಕೇಂದ್ರೀಯ ಪರೀಕ್ಷಾ ಸಂಸ್ಥೆ ಟ್ರ್ಯಾಕ್ಟರಿನ ಎಳೆಯುವ ಶಕ್ತಿಯನ್ನು ಹೆಚ್ಚುವರಿ ಭಾರವಿಲ್ಲದೆ ಒಮ್ಮೆ, ಭಾರ ಸಹಿತ ಮತ್ತೊಮ್ಮೆ ಅಳೆಯುತ್ತದೆ. ಪರೀಕ್ಷೆಯಲ್ಲಿ ಇಷ್ಟು ಮಹತ್ವ ಪಡೆದ ಭಾರ ರೈತನ ಅಂಗಳಕ್ಕೆ ಬರುವ ಹೊತ್ತಿಗೆ ‘ಬೇಕಾದರೆ ಹಾಕಿಸಿಕೊಳ್ಳಿ’ ಎಂಬ ಬಿಡಿಭಾಗವಾಗಿಬಿಡಬಾರದು. ಲೋಡರಿಗೆ ಸಹಾಯಧನ ಬಿಡುಗಡೆ ಮಾಡುವ ಮುನ್ನ ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿ ಹಿಂಭಾರವನ್ನೂ ನೋಡಿ ಫೋಟೊ ತೆಗೆದುಕೊಳ್ಳಲಿ. ಲೋಡರಿಗೂ ತೂಕಕ್ಕೂ ಒಂದೇ ಬಿಲ್ಲು ಇರಲಿ.

ಇಷ್ಟೇ ಆದರೆ ಮತ್ತೊಂದು ಅನಾಹುತಕ್ಕೆ ದಾರಿಯಾದೀತು. ಲೋಡರಿನ ಕೆಲಸ ಮುಗಿದ ಮೇಲೆ ಅದೇ ಟ್ರ್ಯಾಕ್ಟರು ಟ್ರೇಲರ್ ಎಳೆಯುತ್ತದೆ. ಆಗ ಭಾರ ತಾನೇ ಹಿಂದಕ್ಕೆ ಸರಿದು ಮುಂದಿನ ಗಾಲಿಗಳು ಹಗುರಾಗುತ್ತವೆ. ಸ್ಟೇರಿಂಗು ಮಾತು ಕೇಳುವುದಿಲ್ಲ. ಎರಡೆರಡು ಟ್ರೇಲರಿನ ತುಂಬ ಕಬ್ಬು ಹೇರಿ ಏರು ಹತ್ತುವ ದೊಡ್ಡ ಟ್ರ್ಯಾಕ್ಟರುಗಳು ಮುಂಗಾಲೆತ್ತುವುದನ್ನು ಈ ಭಾಗದವರು ಹಂಗಾಮಿನುದ್ದಕ್ಕೂ ನೋಡುತ್ತಲೇ ಇರುತ್ತಾರೆ. ಲೋಡರು ಕಳಚಿದ ಸಣ್ಣ ಟ್ರ್ಯಾಕ್ಟರಿನ ಹಿಂದೆ ಕಾಂಕ್ರೀಟಿನ ಭಾರವೂ ಉಳಿದರೆ ಅದೇ ಗತಿ. ಆದ್ದರಿಂದ ಹಿಂಭಾರ ಎರಡು ಪಿನ್ನು ಎಳೆದರೆ ಕಳಚುವಂತಿರಬೇಕು, ಲೋಡರಿನೊಂದಿಗೆ ಬಂದು ಲೋಡರಿನೊಂದಿಗೇ ಹೋಗಬೇಕು. ಓಡಾಟದಲ್ಲಿ ಅದನ್ನು ನೆಲಕ್ಕೆ ಆದಷ್ಟು ಹತ್ತಿರ ಇಟ್ಟುಕೊಳ್ಳಬೇಕೆಂಬುದನ್ನೂ ಚಾಲಕನಿಗೆ ತಿಳಿಸಬೇಕು.

ಇದನ್ನೆಲ್ಲ ಬೆಂಗಳೂರಿನ ಸುತ್ತೋಲೆಗಾಗಿ ಕಾಯಬೇಕಿಲ್ಲ. ಇಲ್ಲಿನ ಸಕ್ಕರೆ ಕಾರ್ಖಾನೆಗಳ ಕಬ್ಬು ಅಭಿವೃದ್ಧಿ ವಿಭಾಗದವರು ಬೀಜ, ಗೊಬ್ಬರದ ನೆಪದಲ್ಲಿ ರೈತರ ಮನೆಬಾಗಿಲಿಗೆ ಹೋಗುತ್ತಲೇ ಇರುತ್ತಾರೆ. ಮುಂದಿನ ಹಂಗಾಮಿನ ಕಬ್ಬು ನುರಿಕೆ ಆರಂಭವಾಗುವ ಮುನ್ನ ಮಾದರಿ ಅಚ್ಚೊಂದನ್ನು ಮಾಡಿಸಿ ಪ್ರತಿ ಹೋಬಳಿಯ ವೆಲ್ಡಿಂಗ್ ಅಂಗಡಿಗೆ ಕೊಡುವುದು ಅವರಿಗೆ ಭಾರವಾಗದು. ನಾನು ಕಂಡ ಆ ಹೊಲದಲ್ಲಿ ಮನೆ ಕಟ್ಟಿ ಉಳಿದ ಜಲ್ಲಿಯ ರಾಶಿ ಟ್ರ್ಯಾಕ್ಟರಿನಿಂದ ಹತ್ತು ಮಾರು ದೂರದಲ್ಲೇ ಬಿದ್ದಿತ್ತು.