ರ‍್ಯಾಂಗ್ಲರ್ ಎಂಬ ವಿಶೇಷಣದ ಹಿಂದಿನ ಗಣಿತ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳು 1997ರಲ್ಲಿ ಹಾವೇರಿ ಜಿಲ್ಲೆಗೆ ಸೇರುವ ಮೊದಲು ಧಾರವಾಡ ಜಿಲ್ಲೆಯಲ್ಲಿದ್ದವು. ಇಲ್ಲಿಂದ ಪದವಿಗಾಗಿ ಧಾರವಾಡಕ್ಕೆ ಹೋದ ಹಿರಿಯ ತಲೆಮಾರಿಗೆ ಡಿ. ಸಿ. ಪಾವಟೆಯವರು 'ರ‍್ಯಾಂಗ್ಲರ್ ಪಾವಟೆ' ಎಂದೇ ಪರಿಚಿತರು. ಆ ವಿಶೇಷಣದ ಅರ್ಥವನ್ನು ವಿಚಾರಿಸದೆಯೇ ನಾನೂ ಹಲವು ವೇದಿಕೆಗಳಲ್ಲಿ ಅದನ್ನು ಉಚ್ಚರಿಸಿದ್ದೇನೆ.

ಕೇಂಬ್ರಿಜ್‌ನ ಗಣಿತ ಟ್ರೈಪಾಸ್ ಪರೀಕ್ಷೆಯಲ್ಲಿ ಪ್ರಥಮ ದರ್ಜೆ ಪಡೆದವರೇ ರ‍್ಯಾಂಗ್ಲರುಗಳು. 1909ರವರೆಗೆ ಅವರ ಹೆಸರುಗಳನ್ನು ಅರ್ಹತೆಯ ಅನುಕ್ರಮದಲ್ಲಿ ಪ್ರಕಟಿಸುತ್ತಿದ್ದರು. ಪಾವಟೆಯವರು ಹುಟ್ಟಿದ 1899ರಲ್ಲೇ ಆರ್. ಪಿ. ಪರಾಂಜಪೆಯವರು ಅಗ್ರಸ್ಥಾನವನ್ನು ಹಂಚಿಕೊಂಡಿದ್ದರು. ಗೋಕಾಕ ತಾಲ್ಲೂಕಿನ ಮಮದಾಪುರದಿಂದ ಬಂದ ಪಾವಟೆಯವರು ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಓದುವ ಹೊತ್ತಿಗೆ ಆ ಪದ್ಧತಿ ನಿಂತುಹೋಗಿತ್ತು. ಹೀಗಾಗಿ ಅವರ ಸ್ಥಾನಸಂಖ್ಯೆಯನ್ನು ಹುಡುಕುವುದು ವ್ಯರ್ಥ. ಹುಡುಕಬೇಕಾದುದು ಅವರ ಗಣಿತವನ್ನು.

ಅದು ಕಲನಶಾಸ್ತ್ರ. ಅವರ ಹೆಸರಿನ ಪಠ್ಯ 'ಎಲಿಮೆಂಟ್ಸ್ ಆಫ್ ಕ್ಯಾಲ್ಕ್ಯುಲಸ್'. ಕಲನದ ತಳಹದಿಯನ್ನು ಪರಿಶೀಲಿಸುವ ಶಾಖೆಗೆ ಗಣಿತಜ್ಞರು 'ವಿಶ್ಲೇಷಣೆ' ಎನ್ನುತ್ತಾರೆ. ನಮ್ಮ ವಿಮರ್ಶೆಯಲ್ಲಿ ಈ ಪದ ಸವೆದುಹೋಗಿದೆ; ಕವಿತೆಯ ಸಾರಾಂಶ ಬರೆದರೂ ಅದು ವಿಶ್ಲೇಷಣೆಯೇ! ಗಣಿತದಲ್ಲಿ ಹಾಗಲ್ಲ. ಒಂದು ಶ್ರೇಢಿ ಪರಿಮಿತಿಯತ್ತ 'ಸಾಗುತ್ತದೆ' ಎಂದರೆ ಸಾಲದು. ನೀವು ಎಷ್ಟೇ ಸಣ್ಣ ಅಂತರವನ್ನು ಕೇಳಿದರೂ, ಯಾವುದೋ ಒಂದು ಪದದ ನಂತರದ ಎಲ್ಲ ಪದಗಳೂ ಆ ಅಂತರದೊಳಗೇ ಇರುತ್ತವೆಂದು ತೋರಿಸಬೇಕು. ಸಂಶೋಧನ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಶಿಸ್ತನ್ನು ನಾನು ಕಾಣೆ.

ಪಾವಟೆಯವರು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸಿದರು. ಬಳಿಕ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆ, 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿ ಪದವಿ, ಪಂಜಾಬಿನ ರಾಜ್ಯಪಾಲ ಹುದ್ದೆ. ಆಡಳಿತಗಾರ ಬೆಳೆದಂತೆ ಗಣಿತಜ್ಞ ಹಿಂದೆ ಸರಿದರು. ಅವರನ್ನು ಕುರಿತ ನಮ್ಮ ಬರಹಗಳು ಈ ನಷ್ಟವನ್ನು ನಷ್ಟವೆಂದು ಗುರುತಿಸುವುದಿಲ್ಲ; ಗಣಿತವನ್ನು ಪೀಠಿಕೆಯಾಗಿ ಮುಗಿಸಿ ಹುದ್ದೆಗಳತ್ತ ಧಾವಿಸುತ್ತವೆ. ಇದು ಹಳೆಯ ಚಾಳಿ. ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರವನ್ನು ಗುಣಭದ್ರರ 'ಉತ್ತರಪುರಾಣ'ದ ಮೂಲಕ ನಾವು ಬಲ್ಲೆವು. ಅದೇ ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'ವನ್ನು ಕನ್ನಡ ತರಗತಿಯಲ್ಲಿ ತೆರೆಯುವವರೆಷ್ಟು ಮಂದಿ?

ಈ ನಾಲ್ಕು ತಾಲ್ಲೂಕುಗಳ ನಿವೃತ್ತ ಅಧ್ಯಾಪಕರ ಮನೆಗಳಲ್ಲಿ ಪಾವಟೆಯವರ ಕಲನದ ಪುಸ್ತಕ ಇನ್ನೂ ಉಳಿದಿದ್ದರೆ ಅದನ್ನು ರದ್ದಿಗೆ ಹಾಕಬೇಡಿ. ಅಂಚುಗಳಲ್ಲಿ ವಿದ್ಯಾರ್ಥಿಗಳು ಕನ್ನಡದಲ್ಲಿ ಬರೆದುಕೊಂಡ ಟಿಪ್ಪಣಿಗಳಿದ್ದರಂತೂ ಅವು ನಮ್ಮ ಸಂಶೋಧಕರಿಗೆ ಬೇಕು.