ರೋಶನಾಬಾದಿನ ಪಟಾಕಿ

2021ರ ಆಗಸ್ಟ್ 4. ಟೋಕಿಯೊ ಒಲಿಂಪಿಕ್ಸ್ ಸೆಮಿಫೈನಲ್‌ನಲ್ಲಿ ನಮ್ಮ ಮಹಿಳಾ ಹಾಕಿ ತಂಡ ಅರ್ಜೆಂಟೀನಾಕ್ಕೆ 2–1ರಿಂದ ಸೋತಿತು. ಹರಿದ್ವಾರದ ಬಳಿಯ ರೋಶನಾಬಾದಿನಲ್ಲಿ ಕೆಲವರು ಒಂದು ಮನೆಯೆದುರು ಪಟಾಕಿ ಹೊಡೆದು ಕುಣಿದರು. ಅದು ಭಾರತದ ಫಾರ್ವರ್ಡ್ ವಂದನಾ ಕಟಾರಿಯಾ ಅವರ ಮನೆ. ತಂಡದಲ್ಲಿ ದಲಿತರು ಜಾಸ್ತಿಯಾದ್ದಕ್ಕೇ ಸೋತದ್ದೆಂದು ಜಾತಿ ಹಿಡಿದು ಬೈದರು ಎಂದು ಮನೆಯವರು ದೂರು ಕೊಟ್ಟರು. ಬಂಧನವಾಯಿತು, ಪ್ರಕರಣ ದಾಖಲಾಯಿತು, ಟಿವಿಯಲ್ಲಿ ಒಂದಷ್ಟು ಚರ್ಚೆಯೂ ಆಯಿತು. ಆಮೇಲೆ ನಾವು ಮರೆತೆವು. ಮರೆಯುವುದು ನಮಗೆ ಬಹಳ ಚೆನ್ನಾಗಿ ಬರುತ್ತದೆ.

ಯಾರ ಮನೆಯೆದುರು ಕುಣಿದರು ಎಂಬುದನ್ನು ನೆನಪಿಸಿಕೊಳ್ಳಿ. ಅದೇ ವರ್ಷದ ಮೇ ಕೊನೆಯಲ್ಲಿ ತಂದೆ ನಹರ್ ಸಿಂಗ್ ತೀರಿಕೊಂಡಾಗ ವಂದನಾ ನಮ್ಮ ಬೆಂಗಳೂರಿನಲ್ಲೇ, ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಶಿಬಿರದಲ್ಲಿದ್ದರು. ಕೊರೊನಾ ಕಾಲ, ಒಲಿಂಪಿಕ್ಸ್ ತಲೆಮೇಲೆ. ಅಪ್ಪನ ಮುಖ ಕೊನೆಯ ಸಲ ನೋಡಲೂ ಅವರಿಗೆ ಆಗಲಿಲ್ಲ. ಹೆಣ್ಣುಮಗಳಿಗೆ ಆಟ ಯಾಕೆ ಎಂದು ಊರು ಹಂಗಿಸಿದಾಗ ಬೆನ್ನಿಗೆ ನಿಂತವರು ಬಿಎಚ್‌ಇಎಲ್‌ನಲ್ಲಿ ದುಡಿಯುತ್ತಿದ್ದ ಆ ಅಪ್ಪ. ಎರಡು ತಿಂಗಳ ಬಳಿಕ, ಜುಲೈ 31ರಂದು, ದಕ್ಷಿಣ ಆಫ್ರಿಕಾ ಎದುರು ಗೆಲ್ಲಲೇಬೇಕಿದ್ದ ಪಂದ್ಯದಲ್ಲಿ 4, 17, 49ನೇ ನಿಮಿಷಗಳಲ್ಲಿ ಮಗಳ ಸ್ಟಿಕ್ಕಿನಿಂದ ಮೂರು ಗೋಲು. ಭಾರತ ಗೆದ್ದದ್ದು 4–3ರಿಂದ. ಒಲಿಂಪಿಕ್ಸ್‌ನಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ ಆಕೆ. ಆ ದಿನ ದೇಶಕ್ಕೆ ದೇಶವೇ 'ನಮ್ಮ ಹುಡುಗಿ' ಎಂದಿತು. ನಾಲ್ಕು ದಿನ ಕಳೆಯುವುದರೊಳಗೆ, ಒಂದು ಸೋಲಿಗೆ, ಆಕೆಯ ಜಾತಿ ನೆನಪಾಯಿತು!

ಪಟಾಕಿ ಸಿಡಿದು ಎರಡೇ ದಿನಕ್ಕೆ ಕಂಚಿನ ಪಂದ್ಯ. ಬ್ರಿಟನ್ ಎರಡು ಗೋಲು ಮುಂದಿತ್ತು. ಗುರ್ಜಿತ್ ಕೌರ್ ಎರಡನ್ನೂ ತೀರಿಸಿದರು, 29ನೇ ನಿಮಿಷದಲ್ಲಿ ತಂಡವನ್ನು 3–2ಕ್ಕೆ ಏರಿಸಿದ್ದು ವಂದನಾ. ಕೊನೆಗೆ 4–3ರಿಂದ ಸೋತರು, ಅದು ಬೇರೆ ಮಾತು. ಬೈಸಿಕೊಂಡ ಮನೆಯ ಮಗಳು ಬೈದವರಿಗೂ ಸೇರಿಸಿಯೇ ಆಡಿದಳು.

2009ರಿಂದ 2025ರವರೆಗೆ 320 ಪಂದ್ಯ, 158 ಗೋಲು. ಭಾರತದ ಮಹಿಳಾ ಹಾಕಿಯಲ್ಲಿ ಅಷ್ಟು ಪಂದ್ಯ ಆಡಿ ನಿವೃತ್ತರಾದವರು ಅವರಿಗಿಂತ ಮೊದಲು ಯಾರೂ ಇರಲಿಲ್ಲ. ಅರ್ಜುನ ಬಂತು, ಪದ್ಮಶ್ರೀ ಬಂತು. ಕೊಟ್ಟೆವಲ್ಲ, ಇನ್ನೇನು ಎನ್ನುವವರಿದ್ದಾರೆ. ಸ್ವಾಮಿ, ಈ ಅಂಕಿಗಳನ್ನು ಬರೆದದ್ದು ಆಕೆಗೆ ಸರ್ಟಿಫಿಕೇಟು ಕೊಡಲಿಕ್ಕಲ್ಲ. ಒಂದೇ ಒಂದು ಗೋಲು ಹೊಡೆಯದೆ ವಾಪಸಾಗಿದ್ದರೂ ಆ ಮನೆಯ ಬಾಗಿಲಲ್ಲಿ ನಿಂತು ಬೈಯುವ ಹಕ್ಕು ಯಾರಿಗೂ ಇರಲಿಲ್ಲ. ಮನುಷ್ಯಳೆನಿಸಿಕೊಳ್ಳಲು ದಲಿತ ಹೆಣ್ಣುಮಗಳು ಹ್ಯಾಟ್ರಿಕ್ ಹೊಡೆಯಬೇಕೇ? ಮೇಲ್ಜಾತಿಯ ಆಟಗಾರ ಪೆನಾಲ್ಟಿ ತಪ್ಪಿಸಿದರೆ ತಪ್ಪು ಅವನೊಬ್ಬನದು. ಇವರು ಸೋತರೆ ತಪ್ಪು ಇಡೀ ಕೇರಿಯದು. ಇದು ಯಾವ ನ್ಯಾಯ?

ಅದು ಉತ್ತರಾಖಂಡದ ಕತೆ, ನಮ್ಮಲ್ಲಿ ಹಾಗಿಲ್ಲ ಎಂದು ಕೈತೊಳೆದುಕೊಳ್ಳಬೇಡಿ. ಊರು ಯಾವುದು, ಅಪ್ಪನ ಹೆಸರೇನು, ಮನೆದೇವರು ಯಾರು ಎಂದು ನಯವಾಗಿ ಕೇಳುತ್ತಲೇ ಜಾತಿ ಅಳೆದುಬಿಡುವ ಜಾಣರು ನಾವು. 'ನಮ್ಮೋರಾ?' ಎಂದು ಪಿಸುಗುಟ್ಟುವ ಬಾಯಿ ಪಟಾಕಿ ಹೊಡೆಯುವುದಿಲ್ಲ, ನಿಜ. ಆದರೆ ಆ ಪಟಾಕಿಗೆ ಬೇಕಾದ ಮದ್ದು ಅರೆಯುವುದು ಅದೇ. ಬಾಡಿಗೆಗೆ ಮನೆ ಹುಡುಕಿಕೊಂಡು ಬಂದವರನ್ನು, ಮಗನ ಗೆಳೆಯರನ್ನು, ಶಾಲೆಯ ಬಿಸಿಯೂಟದ ಅಡುಗೆಯವರನ್ನು ಹೀಗೆ ಅಳೆದವರು ವಂದನಾಗೆ ಚಪ್ಪಾಳೆ ತಟ್ಟಿದರೆ ಆ ಚಪ್ಪಾಳೆಗೆ ಕವಡೆ ಕಿಮ್ಮತ್ತಿಲ್ಲ.

ರೋಶನಾಬಾದಿನ ಆ ಬೈಗುಳವನ್ನು ತಂಡದ ಆಗಿನ ನಾಯಕಿ ರಾಣಿ ರಾಂಪಾಲ್ ಬಹಿರಂಗವಾಗಿಯೇ ಖಂಡಿಸಿದರು. ತಂಡದ ಒಳಗಿನ ಹುಡುಗಿಯರಿಗೆ ಇದ್ದ ಆ ಧೈರ್ಯ ಹೊರಗಿನ ನಮಗೆ ಯಾಕಿಲ್ಲ?

ಹಾಗಾಗಿ ಕೇಳುತ್ತಿದ್ದೇನೆ. ತಂಡ ಸೋತ ರಾತ್ರಿ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ಆಟಗಾರ್ತಿಯ ಜಾತಿ ಎತ್ತಿದರೆ, ಅವರು ಚಿಕ್ಕಪ್ಪನೇ ಆಗಿರಲಿ, ಮೇಲಧಿಕಾರಿಯೇ ಆಗಿರಲಿ, ಸುಮ್ಮನಿರಬೇಡಿ. ತಪ್ಪು ಎಂದು ಅಲ್ಲೇ, ಎಲ್ಲರೆದುರೇ ಹೇಳಿ. ನಿಮ್ಮ ಕೇರಿಯ, ಪಕ್ಕದ ಕೇರಿಯ ಹುಡುಗಿ ಸ್ಟಿಕ್ ಹಿಡಿದು ಹೊರಟರೆ ದಾರಿ ಬಿಡಿ. ಗೆದ್ದರೂ ಸೋತರೂ ಅವಳ ಮನೆಗೆ ಹೋಗಿ, ಚೆನ್ನಾಗಿ ಆಡಿದೆ ಮಗಳೇ ಎಂದು ಹೇಳಿ ಬನ್ನಿ.